ಬೆನ್ನಬರಹ

ಅಲಬಾಮದಲ್ಲಿ ಗಾಡಿಯ ಮುಂದೆ ನಂಬರ್ ಪ್ಲೇಟಿಲ್ಲ.
ಹಣೆ ಖಾಲಿ. ಬರಹವೆಲ್ಲ ಬೆನ್ನಿಗೆ.
ಹಿಂದೆ ಬಂದವರು ಓದಿಕೊಳ್ಳಬೇಕು,
ಅದೂ ಸಿಗ್ನಲ್ಲು ಕೆಂಪಿದ್ದರೆ.

ಕೌಂಟಿ ಕಚೇರಿಯ ಮೂರನೇ ಕಿಟಕಿ ನನ್ನದು.
ನನ್ನ ಎದೆಯ ಮೇಲೂ ಒಂದು ತಗಡು: ನೆಡ್ರಾ.
ಅದಕ್ಕೆ ಹೆಚ್ಚುವರಿ ಶುಲ್ಕವಿಲ್ಲ.
ಗಾಜಿನ ಕೆಳಗೆ ಮಾದರಿಗಳು:
ಆಮೆಗೊಂದು, ಬಾತುಕೋಳಿಗೊಂದು,
ಫುಟ್‌ಬಾಲಿಗೆ ಎರಡು (ಒಂದೇ ಇಟ್ಟರೆ ಹೊಡೆದಾಟ),
ಗುಲಾಬಿ ರಿಬ್ಬನ್ನಿನದು, ದೇವರ ಹೆಸರಿನದು,
ಬಂದೂಕಿನದು, ಹುಟ್ಟದ ಮಗುವಿನದು.
ಐವತ್ತು ಡಾಲರು ಮೇಲೆ. ಕಾರ್ಡಾದರೆ ಇನ್ನೊಂದಿಷ್ಟು.

ತಗಡು ಒತ್ತುವವರು ಜೈಲಿನವರು.
ಅವರ ಮಾತಿಗೆ ಮಾದರಿಯಿಲ್ಲ.

ಸರ್ಕಾರದ ತಗಡು ಮಾತಾಡಬೇಕೆ ಎಂದು
ಹತ್ತೊಂಬತ್ತು ವರ್ಷದಲ್ಲಿ ಯಾರೂ ನನ್ನ ಕೇಳಿಲ್ಲ.
ಕೇಳಿದ್ದರೆ ಬೇಡ ಅನ್ನುತ್ತಿದ್ದೆ.
ಕಳ್ಳನ ಬೆನ್ನಟ್ಟುವ ಪೊಲೀಸಿಗೆ ನಂಬರು ಸಾಕು,
ಕಳ್ಳನಿಗೆ ಆಮೆಯ ಮೇಲೆ ಪ್ರೀತಿಯೇ ಎಂಬುದು ಯಾಕೆ?
ಆದರೂ ಆಮೆಯ ದುಡ್ಡಲ್ಲಿ
ಕಡಲದಂಡೆಯ ದೀಪ ಆರಿಸುತ್ತಾರಂತೆ,
ಮರಿಗಳು ಊರನ್ನೇ ಚಂದ್ರನೆಂದು ನಂಬಿ
ರಸ್ತೆಗೆ ಬಾರದಂತೆ.
ಅದಕ್ಕೆ ಏನೆನ್ನಲಿ.

ವರ್ಲೀನ್ ಟಾಲಿವರ್ ಬಂದದ್ದು ಷೂ ಡಬ್ಬಿಯ ಜೊತೆ.
ಮಗ ಟೆರೆಲ್, ಹತ್ತೊಂಬತ್ತಕ್ಕೇ ಹೋದ.
ರಕ್ತದ ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ,
ಬಾಗಿದ್ದು ನಾಳದಲ್ಲಿ ಸಿಕ್ಕಿಕೊಂಡರೆ
ರಾತ್ರಿಯೆಲ್ಲ ಮೂಳೆ ಕೊಯ್ದ ಹಾಗೆ.
ಅದರ ಹೆಸರಲ್ಲೊಂದು ಪ್ಲೇಟು ಬೇಕು,
ಆಸ್ಪತ್ರೆಗೆ ದುಡ್ಡು ಹೋಗಬೇಕು, ಅಷ್ಟೆ.

ಕೆಂಪು ಕುಡುಗೋಲು ಬರೆದು ತಂದಳು.
ಸಮಿತಿಯವರು ಬೇಡವೆಂದರು, ಜನ ರಷ್ಯಾ ಅಂದುಕೊಂಡಾರು.
ಹಿಡಿ ತೆಗೆದು ಬರೀ ಬಾಗು ಉಳಿಸಿದಳು.
ಅರ್ಧಚಂದ್ರವಾಯಿತು, ಅದು ಬೇರೆ ಮತದ್ದು ಎಂದರು.
ಕೊನೆಗೆ ಒಂದು ಹನಿ.
ಹನಿಯ ಮೇಲೆ ಯಾರಿಗೂ ತಕರಾರಿರಲಿಲ್ಲ.

ಹನಿಗೂಡಿ ಹಳ್ಳ ಎನ್ನುತ್ತಾರೆ.
ಸರ್ಕಾರದ ಅಳತೆಯಲ್ಲಿ ಹಳ್ಳವೆಂದರೆ ಸಾವಿರ:
ಸಾವಿರ ಜನ ಮುಂಗಡ ಕಟ್ಟಬೇಕು, ಒಂದು ವರ್ಷದೊಳಗೆ.
ಚರ್ಚಿನ ಬಾಗಿಲು, ಕ್ಷೌರದಂಗಡಿ, ಮೀನು ಹುರಿಯುವ ಶನಿವಾರಗಳು,
ಎಲ್ಲಿ ಹೋದರೂ ಆ ಡಬ್ಬಿ.
ಕಾರೇ ಇಲ್ಲದ ಮುದುಕನೊಬ್ಬ
ಮೊಮ್ಮಗಳು ಮುಂದೆ ಕೊಳ್ಳುವ ಕಾರಿಗೆಂದು ಕಟ್ಟಿದ.
ಆರುನೂರ ನಲವತ್ತೊಂದು.
ಅಲ್ಲಿಗೆ ಏಪ್ರಿಲ್ ಮುಗಿಯಿತು.

ಆರುನೂರ ನಲವತ್ತೊಂದು ಚೆಕ್ಕು
ನಾನೇ ಮುದ್ರಿಸಿ ಲಕೋಟೆಗೆ ಹಾಕಿದೆ.
ಅದರಲ್ಲಿ ಒಂದು ನನ್ನದು.
ಅವಳಿಗೆ ಹೇಳಿಲ್ಲ. ಬ್ಯಾಂಕಿಗೂ ಒಯ್ದಿಲ್ಲ.

ಜೂನಿನಲ್ಲಿ ಬಂದಳು. ಡಬ್ಬಿ ಇರಲಿಲ್ಲ.
"ಸಾದಾದ್ದು ಕೊಡಿ, ಏನೂ ಬರೆಯದ್ದು."
ಕೊಟ್ಟೆ.
ಕನ್ನಡಕ ಏರಿಸಿ ಹತ್ತಿರ ಹಿಡಿದು ನೋಡಿದಳು.
ಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದು ಹೃದಯ,
ಅದರೊಳಗೆ ಇರುವೆಯಂಥ ಅಕ್ಷರ: ಡಿಕ್ಸಿಯ ಹೃದಯ.
ಇರಲೇಬೇಕು, ಕಾನೂನು.
ಅವಳ ಮುತ್ತಜ್ಜಿಯ ಹಲ್ಲು ಎಣಿಸಿ ಬೆಲೆ ಕಟ್ಟಿದ ನಾಡಿಗೆ
ಯಾರೋ ಇಟ್ಟ ಮುದ್ದಿನ ಹೆಸರು.

"ಮೂವತ್ತು ವರ್ಷ ಹೊತ್ತಿದ್ದೇನೆ, ಪುಕ್ಕಟೆ," ಅಂದಳು.
ದನಿ ಏರಿಸಲಿಲ್ಲ.
"ಇದಕ್ಕೆ ಸಾವಿರ ಜನ ಯಾವಾಗ ಮುಂಗಡ ಕಟ್ಟಿದ್ದರು, ಮಿಸ್ ನೆಡ್ರಾ?"

ನನ್ನ ಬಳಿ ಎಲ್ಲದಕ್ಕೂ ಒಂದು ಅರ್ಜಿ ನಮೂನೆ ಇದೆ.
ಅಡಿಯ ಖಾನೆಯನ್ನೂ ಹುಡುಕಿದೆ, ಸುಮ್ಮನೆ,
ಕೈಗೊಂದು ಕೆಲಸ ಬೇಕಿತ್ತು.

ಹೊರಗೆ ಬಿಸಿಲಲ್ಲಿ ಅವಳೇ ಕೂತು
ನಾಲ್ಕು ತಿರುಪು ಬಿಗಿದುಕೊಂಡಳು.
ತಿಂಗಳ ಸ್ಟಿಕ್ಕರನ್ನು ಅದರ ಜಾಗಕ್ಕೆ ಹಚ್ಚಲಿಲ್ಲ,
ಹೃದಯದ ಮೇಲೆ ಹಚ್ಚಿದಳು.
ಅದು ದಂಡದ ಬಾಬತ್ತು.
ನಾನು ನೋಡಿದೆ. ನೋಡಿದ್ದನ್ನು ಅವಳೂ ನೋಡಿದಳು.

ಮುಂದಿನವರು ಬಂದರು. ಆಮೆ ಇದೆಯೇ ಅಂದರು.
ಇದೆ ಅಂದೆ.